ಡ್ರಿಲ್ ಅಜ್ಜಿ

ಎದುರಿನ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟು ಏಳತೊಡಗಿದ ಮೇಲೆ ಅತ್ತೆಗೆ ಬೈಯುವುದಕ್ಕೆ ಒಂದು ಗುರಿ ಸಿಕ್ಕಿತು. ಬೆಳಗ್ಗೆ ಎದ್ದು ಟೀ ಲೋಟ ಹಿಡಿದು ಮುಂದಿನ ಕೋಣೆಯ ಕಿಟಕಿಗೆ ಕುರ್ಚಿ ಎಳೆದುಕೊಂಡರೆ ಮೊದಲ ಮಾತು ಅದರದ್ದೇ. "ನೋಡೇ, ರಾತ್ರೋರಾತ್ರಿ ಇನ್ನೊಂದು ಮಹಡಿ ಹೆತ್ತು ಕೂತಿದೆ." ಮತ್ತೊಂದು ದಿನ, "ಇವತ್ತು ನನ್ನ ಬಿಸಿಲನ್ನ ಪೂರ್ತಿ ನುಂಗಿ ನೀರು ಕುಡೀತು."

ಹೊಲಿಗೆ ಯಂತ್ರದ ಮುಂದೆ ಕೂತ ಸೊಸೆ ಹೂಂಗುಟ್ಟುತ್ತಿದ್ದಳು. ಒಳಗೊಳಗೆ ಅವಳಿಗೆ ಆ ಕಟ್ಟಡದ ಮೇಲೆ ಅಕ್ಕರೆ. ಮಾವ ತೀರಿಕೊಂಡ ಮೇಲೆ ಅತ್ತೆ ಮಾತನ್ನೇ ಮರೆತವರಂತೆ ಆಗಿದ್ದರು. ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಆಯುಷ್ಯ ಸವೆಸಿದವರು, ಅಲ್ಲಿನ ಯಂತ್ರಗಳ ಗದ್ದಲದಲ್ಲೂ ಕೇಳುವಂತೆ ಗಂಟಲು ಬೆಳೆಸಿಕೊಂಡವರು, ಮನೆಯಲ್ಲಿ ಗೋಡೆ ನೋಡುತ್ತಾ ಕೂರುತ್ತಿದ್ದರು. ಊಟ ಹಾಕಿದರೆ ಉಂಡರು, ಇಲ್ಲದಿದ್ದರೆ ಇಲ್ಲ. ಕೊನೆಗೂ ಅವರ ಬಾಯಿ ಬಿಡಿಸಿದ್ದು ಮಗನೂ ಅಲ್ಲ, ಸೊಸೆಯೂ ಅಲ್ಲ, ಆ ಸಿಮೆಂಟಿನ ಭೂತ.

ಮೊದಲೆಲ್ಲ ಈ ಊರಿನವರು ಬೆಳಗಿನ ರೈಲು ಹತ್ತಿ ದೊಡ್ಡ ಊರಿಗೆ ಕೆಲಸಕ್ಕೆ ಹೋಗುವುದು, ಸಂಜೆ ಮುಖ ಬಾಡಿಸಿಕೊಂಡು ವಾಪಸ್ಸು ಬರುವುದು, ಅಷ್ಟೇ ಇತ್ತು. ಸೊಸೆಯ ಗಂಡನೂ ಹಾಗೆಯೇ ಅಲ್ಲಿನ ಒಂದು ಔಷಧಿ ಅಂಗಡಿಗೆ ಓಡಾಡುತ್ತಿದ್ದ. ಆಮೇಲೆ ದೊಡ್ಡ ಊರಿನಲ್ಲಿ ಮನೆ ಕೊಳ್ಳುವುದಿರಲಿ, ಮನೆಯ ಬೆಲೆ ವಿಚಾರಿಸುವುದಕ್ಕೂ ಎದೆ ಗಟ್ಟಿ ಬೇಕು ಅನ್ನುವ ಕಾಲ ಬಂತು. ಆಗ ಅಲ್ಲಿನವರ ಕಣ್ಣು ಇತ್ತ ಬಿತ್ತು. ರೈಲು ನಿಲ್ದಾಣದಿಂದ ಹಳೆಯ ಹಂಚಿನ ಕಾರ್ಖಾನೆವರೆಗೆ ಎಲ್ಲಿ ನೋಡಿದರೂ ಕ್ರೇನು, ಹಸಿರು ಬಲೆ, ಮರಳಿನ ಗುಡ್ಡೆ. ನಗುವ ಅಪ್ಪ-ಅಮ್ಮ-ಮಗುವಿನ ಚಿತ್ರದ ಬೋರ್ಡುಗಳು ಬೀದಿ ಬೀದಿಗೂ ಬಂದವು. "ಈ ಮೂವರೇ ಎಲ್ಲಾ ಮನೆ ಕೊಂಡುಕೊಂಡ್ರೆ ಉಳಿದವರ ಗತಿಯೇನು?" ಅಂತ ಅತ್ತೆ ಕೇಳಿದ್ದುಂಟು.

ಮನೆ ಬಂದ ಮೇಲೆ ಕಿಟಕಿ, ಕಿಟಕಿ ಬಂದ ಮೇಲೆ ಪರದೆ. ಅಲ್ಲಿಯತನಕ ಸೊಸೆಯದು ಜಿಪ್ಪು ಹಾಕುವ, ಪ್ಯಾಂಟಿನ ಅಂಚು ಮಡಿಸುವ, ದಪ್ಪಗಾದವರ ಅಂಗಿಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವ ಕೆಲಸ. ಒಂದು ದಿನ ಹೊಸ ಮನೆಗೆ ಬಂದ ಹಲ್ಲಿನ ಡಾಕ್ಟರಮ್ಮ ಒಬ್ಬರು ಬಟ್ಟೆಯ ದೊಡ್ಡ ಸುರುಳಿ ಹೊತ್ತು ತಂದು, "ಪರದೆ ಹೊಲೀತೀರಾ?" ಅಂದರು. ಸೊಸೆ ಹಿಂದೆ ಮುಂದೆ ನೋಡದೆ "ಹೊಲೀತೀನಿ" ಅಂದುಬಿಟ್ಟಳು. ಆಮೇಲೆ ಒಳಗೆ ಹೋಗಿ ತಲೆ ಮೇಲೆ ಕೈ ಹೊತ್ತು ಕೂತಳು. ಆದರೆ ಪರದೆ ಚೆನ್ನಾಗಿಯೇ ಬಂತು. ಡಾಕ್ಟರಮ್ಮ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ನೋಡುನೋಡುತ್ತಿದ್ದಂತೆ ಮುಂದಿನ ಕೋಣೆ ಪೂರ್ತಿ ಬಟ್ಟೆಯ ರಾಶಿ ತುಂಬಿ, ಗಂಡ ಸಂಜೆ ಬಂದರೆ ಕಾಲಿಡಲು ಜಾಗ ಹುಡುಕಬೇಕಾಯಿತು.

ಹೊಲಿಯುವುದೇನೋ ಸೊಸೆ ಹೊಲಿದಳು. ಗೋಡೆಗೆ ತೂತು ಕೊರೆದು, ರಾಡು ಕೂರಿಸಿ, ಪರದೆ ತೂಗುಹಾಕುವವನು ಬೇರೆ. ಅವನನ್ನು ಎಲ್ಲರೂ ಫಿಟ್ಟರ್ ಅಂತಲೇ ಕರೆಯುತ್ತಿದ್ದರು. ಊರಿಗೆಲ್ಲ ಬೇಕಾದ ಆಸಾಮಿ. ಫೋನ್ ಮಾಡಿದರೆ "ಬಂದೆ ಅಕ್ಕಾ, ಬಾಗಿಲಲ್ಲೇ ಇದ್ದೀನಿ" ಅನ್ನುವನು. ಯಾರ ಬಾಗಿಲು ಅಂತ ಮಾತ್ರ ಯಾವತ್ತೂ ಹೇಳಿದವನಲ್ಲ.

ಹೀಗಿರುವಾಗ ಎದುರಿನ ಅಪಾರ್ಟ್‌ಮೆಂಟಿನ ಐದನೆಯ ಮಹಡಿಗೆ ಒಬ್ಬ ಬಾಣಂತಿ ಬಂದಳು. ಅವಳ ಪರದೆಗಳು ತಯಾರಾಗಿ ಮಡಿಸಿ ಕೂತಿದ್ದವು, ಫಿಟ್ಟರ್ ಕೈಕೊಟ್ಟಿದ್ದ. ಬೆಳಗ್ಗೆ ಅವಳ ಫೋನು ಬಂತು. ದನಿಯಲ್ಲಿ ಅಳು ಯಾವುದು, ಕೋಪ ಯಾವುದು ಗೊತ್ತಾಗುತ್ತಿರಲಿಲ್ಲ.

"ಅಕ್ಕಾ, ಎದುರಿನ ಟವರಿಗೆ ಬಣ್ಣ ಹೊಡೀತಾ ಇದಾರೆ. ಹಗ್ಗಕ್ಕೆ ಹಲಗೆ ಕಟ್ಟಿಕೊಂಡು ಸರಿಯಾಗಿ ನಮ್ಮ ಕಿಟಕಿ ಮುಂದೆ ನೇತಾಡ್ತಾ ಇದಾರೆ. ಮಗು ಹಾಲಿಗೆ ಅಳ್ತಾ ಇದೆ. ನಾನೇನು ಬಚ್ಚಲುಮನೆ ಒಳಗೆ ಕೂತು ಹಾಲು ಕೊಡಬೇಕಾ? ಕೈಯಲ್ಲಿ ಪರದೆ ಹಿಡ್ಕೊಂಡು ನಿಲ್ಲೋಕೆ ಆದ್ರೂ ಯಾರನ್ನಾದ್ರೂ ಕಳಿಸಿ."

ಸೊಸೆ ಪರದೆಯ ಗಂಟು ಕಟ್ಟಿಕೊಂಡು ಹೊರಟಳು. ಅತ್ತೆ ಕುರ್ಚಿಯಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ನೀವೆಲ್ಲಿಗೆ ಅತ್ತೆ?"

"ದಿನಾ ಬೈತೀನಿ. ಒಂದು ಸಲ ಮುಖ ನೋಡಿ ಬೈದು ಬರ್ತೀನಿ."

ಮೇಲೆ ಹೋಗಿ ನೋಡಿದರೆ ಬಾಣಂತಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೊರಗೆ ಗಾಳಿಯಲ್ಲಿ ಇಬ್ಬರು ಬಣ್ಣದವರು ನಾಚಿಕೊಂಡು, ಇತ್ತ ನೋಡದಿರಲು ಕತ್ತು ತಿರುಗಿಸಿ ತಿರುಗಿಸಿ, ಹೊಡೆದ ಜಾಗಕ್ಕೇ ಮತ್ತೆ ಮತ್ತೆ ಬಣ್ಣ ಹೊಡೆಯುತ್ತಿದ್ದರು. ಒಳಗೆ ಮಗು ಮನೆಯನ್ನೇ ತಲೆಯ ಮೇಲೆ ಹೊತ್ತುಕೊಂಡಿತ್ತು. ಅತ್ತೆ ಒಂದು ದೊಡ್ಡ ಪರದೆ ಬಿಡಿಸಿ, "ನೀನು ಆ ತುದಿ ಹಿಡಿ, ನಾನು ಈ ತುದಿ," ಅಂದರು. ಅತ್ತೆ ಸೊಸೆ ಇಬ್ಬರೂ ಕೈ ಎತ್ತಿ ಗೋಡೆಯ ಹಾಗೆ ನಿಂತರು. ಬಾಣಂತಿ ಅದರ ಹಿಂದೆ ಕೂತು ಹಾಲು ಕೊಟ್ಟಳು. ಅಳು ನಿಂತಿತು. ಕೈಗಳು ಮಾತ್ರ ಬಿದ್ದುಹೋಗುವಂತೆ ಆದವು.

"ಇದನ್ನ ದಿನಾ ಮಾಡೋಕಾಗಲ್ಲ ಕಣೇ," ಅಂದರು ಅತ್ತೆ. ಪಕ್ಕದ ಮನೆಯಲ್ಲಿ ಬೀರು ಕೂರಿಸುತ್ತಿದ್ದ ಬಡಗಿಯ ಡ್ರಿಲ್ಲಿನ ಸದ್ದು ಕೇಳುತ್ತಿತ್ತು. ಅತ್ತೆ ಸೀದಾ ಅಲ್ಲಿಗೇ ಹೋದರು. ಹಿಂದೆಯೇ ಓಡಿದ ಸೊಸೆಗೆ ಕೇಳಿಸಿದ್ದು ಇಷ್ಟು.

"ಅಜ್ಜಿ, ಇದು ಮಿಕ್ಸಿ ಅಲ್ಲ."

"ಗೊತ್ತು ಬಿಡಪ್ಪ. ಮಿಕ್ಸಿ ಆಗಿದ್ರೆ ನಿನ್ನ ಯಾಕೆ ಕೇಳ್ತಿದ್ದೆ? ನಮ್ಮ ಮನೇಲೇ ಇದೆ."

ಬಡಗಿ ಒಳ್ಳೆಯವನು. ಗುಂಡಿ ಯಾವುದು, ಹಿಡಿಯುವುದು ಹೇಗೆ, ಎದೆಯ ಭಾರ ಎಲ್ಲಿ ಹಾಕಬೇಕು ಅಂತ ತೋರಿಸಿಕೊಟ್ಟ. ಸೊಸೆಗೆ ಆ ಯಂತ್ರದ ಸದ್ದು ಕೇಳಿದರೇ ಭಯ. "ಬೇಡಿ ಅತ್ತೆ, ಹೇಗಾದ್ರೂ ಮಾಡಿ ಫಿಟ್ಟರನ್ನ ಹಿಡಿದು ತರೋಣ," ಅಂತ ಗೋಗರೆದಳು. ಅತ್ತೆ ಅಷ್ಟರಲ್ಲಿ ಬಡಗಿಯನ್ನು ಅವನ ಏಣಿ ಸಮೇತ ಬಾಣಂತಿಯ ಮನೆಗೆ ಎಳೆದು ತಂದು, ಮೇಲೆ ಹತ್ತಿಯಾಗಿತ್ತು. ಸೊಸೆ ಏಣಿ ಹಿಡಿದುಕೊಂಡು ಕಣ್ಣು ಮುಚ್ಚಿದಳು.

ಮೊದಲ ತೂತು ನಿಂಬೆಹಣ್ಣಿನ ಗಾತ್ರ ಬಂತು. ಗಾರೆ ಉದುರಿ ಅತ್ತೆಯ ಬಿಳಿ ತಲೆ ಇನ್ನೂ ಬಿಳಿಯಾಯಿತು. ಬಡಗಿ "ಒತ್ತಬೇಡಿ ಅಜ್ಜಿ, ಅದೇ ಹೋಗುತ್ತೆ," ಅಂದ. ಎರಡನೆಯದು ಸರಿಯಾಯಿತು. ಮೂರನೆಯದಕ್ಕೆ ಅತ್ತೆ ಏಣಿಯ ಮೇಲಿಂದಲೇ ಕೂಗಿದರು. "ಬೆಣ್ಣೆ ಥರ ಹೋಗುತ್ತೆ ಕಣೇ! ಕಣ್ಣು ಬಿಟ್ಟು ನೋಡೇ!"

ಸೊಸೆ ಕಣ್ಣು ಬಿಟ್ಟಳು. ಧೂಳು ಮೆತ್ತಿದ ಆ ಮುಖದಲ್ಲಿ ಹಲ್ಲೆಲ್ಲ ಕಾಣುತ್ತಿದ್ದವು. ಮಾವ ಇದ್ದಾಗ ಹಬ್ಬಹುಣ್ಣಿಮೆಗೂ ಕಾಣದಿದ್ದ ನಗು ಅದು. ರಾಡು ಒಂದು ಕಡೆ ಚೂರು ಇಳಿದು ಕೂತಿತು, ಬಾಣಂತಿ "ಪರವಾಗಿಲ್ಲ, ನಾನೂ ಹಾಗೇ ವಾಲಿಕೊಂಡು ಕೂರ್ತೀನಿ" ಅಂತ ನಕ್ಕಳು. ಪರದೆ ಎಳೆದ ಕೂಡಲೇ ಹೊರಗಿನಿಂದ ಬಣ್ಣದವರು "ಹೋ!" ಅಂತ ಕೂಗಿದರು. ಅವರ ಕತ್ತಿಗೂ ಬಿಡುಗಡೆ ಸಿಕ್ಕಿತ್ತು.

ಅವತ್ತಿನಿಂದ ಅತ್ತೆಯನ್ನು ಹಿಡಿಯುವವರಿಲ್ಲ. ಡ್ರಿಲ್ ಮಷೀನು, ಏಣಿ, ಕಣ್ಣಿಗೆ ದೊಡ್ಡ ಕನ್ನಡಕ, ತಲೆಗೆ ಬಿಗಿಯಾಗಿ ಸುತ್ತಿದ ವಸ್ತ್ರ. ರಾಡು ಸಮವಾಗಿದೆಯಾ ಅಂತ ರಸಮಟ್ಟ ಇಟ್ಟು ಅದರೊಳಗಿನ ಗುಳ್ಳೆ ನಡುವೆ ಬಂದು ನಿಲ್ಲುವತನಕ ಉಸಿರು ಬಿಗಿಹಿಡಿಯುವರು, ನಿಂತ ಮೇಲೆ "ಕೂತ್ಕೋ ಮರಿ, ಅಲ್ಲೇ ಕೂತ್ಕೋ" ಅಂತ ಗುಳ್ಳೆಗೆ ಹೇಳುವರು. ಫಿಟ್ಟರ್ ಮೊದಲು ಮುಖ ಊದಿಸಿಕೊಂಡ. ಆಮೇಲೆ ತನ್ನ ಕೈಯಲ್ಲಿ ಆಗದ ಕೆಲಸಗಳನ್ನೆಲ್ಲ ಅವನೇ ಇತ್ತ ಕಳಿಸತೊಡಗಿದ. ಮಕ್ಕಳು ಮೊದಲು ಇಟ್ಟ ಹೆಸರು, ಆಮೇಲೆ ದೊಡ್ಡವರ ಬಾಯಲ್ಲೂ ನಿಂತಿತು. ಡ್ರಿಲ್ ಅಜ್ಜಿ.

ಒಂದೇ ತೊಡಕು, ಮಗನಿಗೆ ಗೊತ್ತಿರಲಿಲ್ಲ. ಅಮ್ಮ ಸ್ಟೂಲು ಹತ್ತಿದರೂ ಗಾಬರಿಯಾಗುವ ಜೀವ ಅದು. ಅವನು ಕತ್ತಲಿರುವಾಗಲೇ ಹೋಗಿ ಕತ್ತಲಾದ ಮೇಲೆ ಬರುವುದರಿಂದ ಅತ್ತೆ ಸೊಸೆಯ ಗುಟ್ಟು ನಡೆಯಿತು. ಡ್ರಿಲ್ಲು ಅಕ್ಕಿ ಡಬ್ಬದ ಹಿಂದೆ ಮಲಗುತ್ತಿತ್ತು. ತಲೆಯ ಮೇಲಿನ ಗಾರೆ ಪುಡಿ ನೋಡಿ ಅವನು "ಏನಮ್ಮ ಇದು?" ಅಂದರೆ, "ತಲೆಹೊಟ್ಟು ಕಣೋ, ಒಂದು ಔಷಧಿ ತಂದುಕೊಡು" ಅನ್ನುವರು. ಪಾಪ, ಅವನು ತಂದೂ ಕೊಟ್ಟ.

ಗುಟ್ಟು ರಟ್ಟಾಗಿದ್ದು ರೈಲಿನಲ್ಲಿ. ಆ ಸಂಜೆ ಅವನ ಪಕ್ಕ ಕೂತವರು ಹೊಸದಾಗಿ ಈ ಊರಿಗೆ ಬಂದು ನೆಲೆಸಿದವರು. ಅಲ್ಲಿ ನಡೆದದ್ದನ್ನು ಗಂಡನೇ ಆಮೇಲೆ ಸೊಸೆಗೆ ಹೇಳಿದ, ಹೇಳುವಾಗ ಕೋಪ ಮಾಡಬೇಕೋ ನಗಬೇಕೋ ತಿಳಿಯದೆ ಒದ್ದಾಡಿದ.

"ನಮ್ಮ ಬಿಲ್ಡಿಂಗಿಗೆ ಒಬ್ಬರು ಅಜ್ಜಿ ಬರ್ತಾರೆ ಸಾರ್," ಅಂತ ಶುರುಮಾಡಿದರಂತೆ ಪಕ್ಕದವರು. "ಡ್ರಿಲ್ ಹಿಡಿದು ಏಣಿ ಹತ್ತಿದ್ರೆ ಥೇಟ್ ಸಿಪಾಯಿ. ಸೊಸೆ ಕೆಳಗೆ ಏಣಿ ಹಿಡ್ಕೊಂಡು ಕಣ್ಣು ಮುಚ್ಚಿರ್ತಾಳೆ."

ಇವನು ಹೊಟ್ಟೆ ಹಿಡಿದು ನಕ್ಕನಂತೆ. ನಕ್ಕು ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ಆದ್ರೂ ಎಂಥಾ ಮಗ ಇರಬೇಕು ಸಾರ್ ಅವನು! ಈ ವಯಸ್ಸಲ್ಲಿ ಹೆತ್ತ ತಾಯೀನ ಏಣಿ ಹತ್ತಿಸ್ತಾನಲ್ಲ," ಅಂದುಬಿಟ್ಟ.

"ಇಲ್ಲ ಇಲ್ಲ, ಮಗ ಒಳ್ಳೆಯವನಂತೆ. ಇದೇ ರೈಲಲ್ಲೇ ಓಡಾಡ್ತಾನಂತೆ, ಯಾವುದೋ ಔಷಧಿ ಅಂಗಡಿಗೆ. ಸ್ವಲ್ಪ ಪುಕ್ಕಲು ಅಂತ ಅಜ್ಜಿ ಹೇಳ್ತಿದ್ರು. ಅದಕ್ಕೇ ಅವನಿಗೆ ಹೇಳಿಲ್ಲವಂತೆ."

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ. "ಅಮ್ಮಾ, ನಾನು ಪುಕ್ಕಲಾ?"

ಅತ್ತೆ ನಾಲಿಗೆ ಕಚ್ಚಿಕೊಂಡರು. ಸೊಸೆ ಸೂಜಿ ಹುಡುಕುವವಳ ಹಾಗೆ ತಲೆ ತಗ್ಗಿಸಿದಳು. ಅವನು ಬಿದ್ದರೇನು ಗತಿ, ಜನ ಏನಂದಾರು, ಸೊಂಟ ಮುರಿದರೆ ಯಾರು ನೋಡುವವರು ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆತ್ತಗೆ ಹೇಳಿದರು.

"ಕುರ್ಚಿ ಮೇಲೆ ಕೂತೂ ಕೂತೂ ನಾನು ಆಗಲೇ ಅರ್ಧ ಹೋಗಿದ್ದೆ ಕಣೋ. ನೀನು ನೋಡಿದ್ದೀಯಲ್ಲ. ಈಗ ಬೆಳಗ್ಗೆ ಎದ್ರೆ ಇವತ್ತು ಎಲ್ಲಿಗೆ ಹೋಗಬೇಕು ಅಂತ ಯೋಚನೆ ಬರುತ್ತೆ. ಅದು ಎಷ್ಟು ಚೆನ್ನಾಗಿರುತ್ತೆ ಗೊತ್ತಾ?"

ಅವನು ಮೂಗು ಉಜ್ಜಿಕೊಂಡು, "ಆ ಏಣಿ ಕಾಲಿಗೆ ರಬ್ಬರ್ ಇದೆಯಾ?" ಅಂತ ಕೇಳಿದ. ರಜಾ ದಿನ ತಾನೇ ರಬ್ಬರ್ ತಂದು ಹಾಕಿದ. ತಲೆಹೊಟ್ಟಿನ ಔಷಧಿ ವಾಪಸ್ಸು ತಗೊಳ್ಳುತ್ತಾರಾ ಅಂತ ಅತ್ತೆ ಕೇಳಿದಾಗ ಮಾತ್ರ ರಬ್ಬರನ್ನು ಇನ್ನೂ ಜೋರಾಗಿ ಬಡಿದು ಕೂರಿಸಿದ.

ಎಲ್ಲ ಸರಿ ಹೋಗುತ್ತಿದೆ ಅನ್ನುವಾಗಲೇ ಆ ನೀರಿನ ಪ್ರಸಂಗ ನಡೆಯಿತು. ಅದೇ ಅಪಾರ್ಟ್‌ಮೆಂಟಿನ ಎರಡನೆಯ ಟವರಿನಲ್ಲಿ ಒಬ್ಬರು ಯಜಮಾನರು ಮನೆ ಮಾಡಿದ್ದರು. ದೊಡ್ಡ ಊರಿನ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವರಾಗಿದ್ದು ನಿವೃತ್ತರಾದವರು, ಒಂಟಿ ಮನುಷ್ಯ, ಪೊದೆಯಂಥ ಹುಬ್ಬು. ಮಾತಾಡಿದರೆ ಗದರಿದ ಹಾಗೆಯೇ ಇರುತ್ತಿತ್ತು. ಅಡುಗೆಮನೆಯ ಕಿಟಕಿಗೆ ಪರದೆ ಬೇಕು ಅಂದಿದ್ದರು. ಅತ್ತೆ ಏಣಿ ಹತ್ತಿ, ಗುರುತು ಹಾಕಿ, ಡ್ರಿಲ್ಲು ಇಟ್ಟರು. ಎರಡನೆಯ ತೂತಿನಲ್ಲಿ ಸದ್ದು ಬದಲಾಯಿತು. ಅತ್ತೆ ಡ್ರಿಲ್ಲು ಹೊರಗೆ ಎಳೆದದ್ದೇ ತಡ, ಗೋಡೆಯೊಳಗಿನ ಪೈಪಿನಿಂದ ನೀರು ಬಾಣದ ಹಾಗೆ ಚಿಮ್ಮಿ ಎದುರಿಗೆ ನಿಂತಿದ್ದ ಯಜಮಾನರ ಹುಬ್ಬಿಗೇ ಹೊಡೆಯಿತು.

"ನೀರು ನಿಲ್ಲಿಸೋ ತಿರುಪು ಎಲ್ಲಿದೆ?" ಅಂತ ಅತ್ತೆ ಏಣಿ ಇಳಿಯುತ್ತಾ ಕೂಗಿದರು.

"ನನಗೇನು ಗೊತ್ತು! ನಾನು ಬಂದಿದ್ದೇ ಮೊನ್ನೆ!"

ಸೊಸೆ ಡ್ರಿಲ್ಲಿನ ತಂತಿಯನ್ನು ಕಿತ್ತು ಹೊರಗೆಸೆದು, ಬಾಗಿಲು ತೆಗೆದು "ಯಾರಾದ್ರೂ ಬನ್ನಿ!" ಅಂತ ಅರಚಿದಳು. ಎದುರು ಬಾಗಿಲು ತೆರೆಯಿತು, ಪಕ್ಕದ್ದು ತೆರೆಯಿತು, ಮೇಲಿನವರು ಮೆಟ್ಟಿಲಿಳಿದು ಬಂದರು. ಒಬ್ಬಾಕೆ ಬಕೆಟ್ಟು, ಇನ್ನೊಬ್ಬರು ನೆಲ ಒರೆಸುವ ಕೋಲು, ಮತ್ತೊಬ್ಬರು ಅರ್ಧ ಗಡ್ಡ ಹೆರೆದುಕೊಂಡ ಮುಖದಲ್ಲೇ ಓಡಿ ಬಂದು ಬಚ್ಚಲಿನ ಮೇಲಿನ ತಿರುಪು ಹುಡುಕಿ ನಿಲ್ಲಿಸಿದರು. ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಪಾದ ಮುಳುಗುವಷ್ಟು ನೀರು. ಅಕ್ಕಪಕ್ಕದ ಬಾಗಿಲಿನಲ್ಲಿದ್ದೂ ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡದಿದ್ದ ಮಂದಿ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ಟು ದಾಟಿಸಿದರು.

ಅತ್ತೆ ಮನೆಗೆ ಬಂದವರೇ ಮೂಲೆ ಹಿಡಿದರು. "ಸಾಕು ಕಣೇ. ವಯಸ್ಸಾಯ್ತು. ಇನ್ನು ಮುಟ್ಟಲ್ಲ," ಅಂದರು. ಸೊಸೆ ಏನು ಹೇಳಿದರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಊಟಕ್ಕೂ ಏಳಲಿಲ್ಲ. ಮತ್ತೆ ಆ ಹಳೆಯ ಮೌನ ಬಂದು ಕೂತುಬಿಟ್ಟಿತೇನೋ ಅಂತ ಸೊಸೆ ಹೆದರಿದಳು.

ಮರುದಿನ ಬಾಗಿಲು ಬಡಿದವರು ಅದೇ ಯಜಮಾನರು. ಹುಬ್ಬು ಗಂಟಿಕ್ಕಿಯೇ ಇತ್ತು. ಜಗಳಕ್ಕೇ ಬಂದಿದ್ದಾರೆ ಅಂದುಕೊಂಡು ಸೊಸೆ ಬಾಗಿಲಿಗೆ ಅಡ್ಡವಾಗಿ ನಿಂತಳು.

"ಅವರೆಲ್ಲಿ? ಡ್ರಿಲ್ ಅಜ್ಜಿ?"

"ಅವರಿಗೆ ಹುಷಾರಿಲ್ಲ. ಪೈಪು ನಾವೇ ಸರಿ ಮಾಡಿಸಿಕೊಡ್ತೀವಿ, ದಯವಿಟ್ಟು ಬೈಬೇಡಿ."

"ಪೈಪು ನಿನ್ನೇನೇ ಸರಿಯಾಯ್ತು. ಆ ಅರ್ಧ ಗಡ್ಡದವರೇ ಮಾಡಿಕೊಟ್ಟರು." ಯಜಮಾನರು ಗಂಟಲು ಸರಿ ಮಾಡಿಕೊಂಡರು. "ನೋಡಮ್ಮ, ದೊಡ್ಡ ಊರಲ್ಲಿ ನಾನು ಇದ್ದ ಮನೇಲಿ ಪಕ್ಕದವರ ಮುಖ ಹೇಗಿದೆ ಅಂತ ನನಗೆ ಕೊನೇವರೆಗೂ ಗೊತ್ತಾಗಲಿಲ್ಲ. ನಿನ್ನೆ ನಮ್ಮ ಮನೇಲಿ ಎಷ್ಟು ಜನ! ನೆಲ ಒರೆಸಿದ ಮೇಲೂ ಯಾರೂ ಹೋಗಲಿಲ್ಲ, ಟೀ ಕುಡಿದು ಹರಟೆ ಹೊಡೆದರು. ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದಿದ್ದೀನಿ. ಅಷ್ಟರಲ್ಲಿ ನನ್ನ ಪರದೆ ಆಗಬೇಕು. ಅಷ್ಟೇ ಹೇಳೋಕೆ ಬಂದೆ. ನೀವೂ ಊಟಕ್ಕೆ ಬರಬೇಕು, ಮೂರೂ ಜನ."

ಒಳಗಿನ ಮೂಲೆಯಿಂದ ದನಿ ಬಂತು. "ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಕೇಳ್ಕೊಂಡಿದ್ದಾರಾ ಕೇಳೇ."

ಕೇಳಿಕೊಂಡಿದ್ದರು. ಇಬ್ಬರೂ ಹೋಗಿ ನೋಡಿದರೆ, ಯಜಮಾನರು ಸೀಮೆಸುಣ್ಣ ಹಿಡಿದು ಪೈಪು ಹಾದುಹೋದಲ್ಲೆಲ್ಲ ಗೆರೆ ಎಳೆದು, ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ ಗೋಡೆಗಳನ್ನೆಲ್ಲ ರೈಲು ದಾರಿಯ ನಕಾಶೆ ಮಾಡಿಟ್ಟಿದ್ದರು. ಪೈಪಿಲ್ಲದ ಕಡೆ "ಇಲ್ಲಿ ಹೊಡೆಯಬಹುದು" ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅತ್ತೆ ನಕ್ಕು ನಕ್ಕು ಏಣಿಯ ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ಯಜಮಾನರು "ನಗೋದೇನಿದೆ ಇದರಲ್ಲಿ?" ಅಂತ ಗದರಿ, ತಾವೂ ನಕ್ಕರು.

ಭಾನುವಾರದ ಊಟ ಸಂಜೆಯವರೆಗೆ ನಡೆಯಿತು. ಒಬ್ಬೊಬ್ಬರು ಒಂದೊಂದು ಬಗೆಯ ಕುರ್ಚಿ ಹೊತ್ತು ತಂದಿದ್ದರು. ಬಡಿಸುತ್ತಾ ಯಜಮಾನರು ತಟ್ಟೆ ಖಾಲಿಯಾದವರನ್ನು ಬಿಡಲಿಲ್ಲ, ಸಾಕು ಅಂದವರನ್ನೂ ಬಿಡಲಿಲ್ಲ. ಬಕೆಟ್ಟು ತಂದಿದ್ದ ಹೆಂಗಸು ಟವರಿನ ಕೆಳಗಿನ ಸಾಲಿನಲ್ಲಿ ಔಷಧಿ ಅಂಗಡಿ ತೆರೆಯಲು ಮಳಿಗೆ ಹಿಡಿದಿದ್ದಳಂತೆ. "ಜಾಗ ಸಿಕ್ತು, ಕೆಲಸ ಗೊತ್ತಿರೋ ಒಬ್ಬರು ಸಿಗ್ತಾ ಇಲ್ಲ," ಅಂತ ಪಕ್ಕದವರ ಹತ್ತಿರ ಹೇಳುತ್ತಿದ್ದುದು ಮೇಜಿನ ಆ ತುದಿಯಲ್ಲಿದ್ದ ಅತ್ತೆಯ ಕಿವಿಗೆ ಬಿತ್ತು. ಬೈಂಡಿಂಗ್ ವಿಭಾಗದ ಗಂಟಲು ಎದ್ದಿತು.

"ಇಗೋ ಇಲ್ಲೇ ಕೂತಿದ್ದಾನೆ ನೋಡಮ್ಮ. ಡಾಕ್ಟರ ಕಾಗೆಕಾಲು ಗುಬ್ಬಿಕಾಲು ಅಕ್ಷರ ಎಲ್ಲಾ ಓದ್ತಾನೆ. ಸ್ವಲ್ಪ ಪುಕ್ಕಲು, ಆದರೆ ಔಷಧಿ ಅಂಗಡಿಗೆ ಪುಕ್ಕಲು ಇದ್ದರೇನೇ ಒಳ್ಳೇದು. ಎರಡೆರಡು ಸಲ ನೋಡಿ ಕೊಡ್ತಾನೆ."

ಊಟದ ಮನೆ ಪೂರ್ತಿ ನಕ್ಕಿತು. ಅವನ ಕಿವಿ ಕೆಂಪಾಯಿತು. ಆ ಹೆಂಗಸು ನಗಲಿಲ್ಲ. "ನಾಳೆ ಬಂದು ಮಾತಾಡ್ತೀರಾ?" ಅಂದಳು.

ಅಂಗಡಿ ತೆರೆಯಿತು. ಅವನು ರೈಲು ಬಿಟ್ಟ. ಮೊದಲ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನನ್ನು ಹಗಲು ಬೆಳಕಿನಲ್ಲಿ ನೋಡಿ ಸೊಸೆಗೆ ಏನೋ ನಾಚಿಕೆಯಾಯಿತು. ಮದುವೆಯಾದ ಹೊಸತರಲ್ಲಿ ಕೂಡ ಅವರು ಇಬ್ಬರೇ ಕೂತು ಮಧ್ಯಾಹ್ನದ ಊಟ ಮಾಡಿದ್ದಿಲ್ಲ. ಅವನು ಅತ್ತಿತ್ತ ನೋಡಿ, "ಅಮ್ಮ ಎಲ್ಲಿ?" ಅಂದ.

"ಕೆಲಸಕ್ಕೆ ಹೋಗಿದ್ದಾರೆ ರೀ," ಅಂದಳು. ಇಬ್ಬರಿಗೂ ನಗು ಬಂತು.

ಈಗೀಗ ಭಾನುವಾರ ಬೆಳಗ್ಗೆ ಆ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಒಂದು ಗದ್ದಲ ಇರುತ್ತದೆ. ಒಂದು ಫೋಟೋ ನೇತುಹಾಕಲೂ ಯಾರಿಗೋ ಕಾಯುತ್ತಾ ಕೂರುವುದು ಯಾಕೆ ಅಂತ ಕೆಲವು ಹೆಂಗಸರು ಅತ್ತೆಯನ್ನು ಹಿಡಿದುಕೊಂಡರು, ನಮಗೂ ಕಲಿಸಿ ಅಂದರು. ಕಟ್ಟಿ ಉಳಿದ ಇಟ್ಟಿಗೆಗಳನ್ನು ಜೋಡಿಸಿ, ಗಾರೆ ಮೆತ್ತಿ, ಅತ್ತೆ ಒಂದು ಮೋಟು ಗೋಡೆ ಮಾಡಿಸಿದ್ದಾರೆ. ಅದಕ್ಕೆ ಬಿದ್ದಿರುವ ತೂತುಗಳನ್ನು ನೋಡಿದರೆ ಜರಡಿಯ ನೆನಪಾಗುತ್ತದೆ.

ಸೊಸೆ ಒಂದು ದಿನ ಕೇಳಿಯೇ ಬಿಟ್ಟಳು. "ಅತ್ತೆ, ಎಲ್ಲರಿಗೂ ಕಲಿಸಿಬಿಟ್ರೆ ನಮ್ಮನ್ನ ಯಾರು ಕರೀತಾರೆ?"

"ಕರೀದಿದ್ರೆ ಬೇಡ ಬಿಡೇ. ಸ್ಟೇಷನ್ ಹಿಂದೆ ಹೊಸದು ಇನ್ನೂ ಎಷ್ಟು ಏಳ್ತಾ ಇವೆ, ನೋಡಿಲ್ವಾ? ಕಿಟಕಿ ಇಲ್ಲದೆ ಯಾವನೂ ಮನೆ ಕಟ್ಟಲ್ಲ." ಅಷ್ಟು ಹೇಳಿ ಸಾಲಿನಲ್ಲಿ ನಿಂತ ಹಲ್ಲಿನ ಡಾಕ್ಟರಮ್ಮನ ಕಡೆ ತಿರುಗಿದರು. "ಏನಮ್ಮಾ, ದಿನಾ ಹಲ್ಲು ಕೊರೀತೀಯಾ, ಇಟ್ಟಿಗೆಗೆ ಯಾಕೆ ಕೈ ನಡುಗ್ಸ್ತೀಯಾ?"

"ಹಲ್ಲು ಇಷ್ಟು ಗಟ್ಟಿ ಇರಲ್ಲ ಅಜ್ಜೀ!" ಅಂತ ಡಾಕ್ಟರಮ್ಮ ಕಿರುಚಿ ಗುಂಡಿ ಒತ್ತಿದರು. ಧೂಳು ಎದ್ದಿತು. ಸದ್ದು ಮೇಲಿನವರಿಗೆ ಕೇಳುತ್ತಿದೆ, ನಿಲ್ಲಿಸಿ ಅಂತ ಹೇಳಲು ಬಂದ ಕಾವಲುಗಾರ ಕಂಬಕ್ಕೆ ಒರಗಿ ನೋಡುತ್ತಾ ನಿಂತ. ಸ್ವಲ್ಪ ಹೊತ್ತು ಬಿಟ್ಟು, ತನ್ನ ಕೋಲನ್ನು ಸೊಸೆಯ ಕೈಗೆ ಕೊಟ್ಟು, ಸಾಲಿನ ಕೊನೆಗೆ ಹೋಗಿ ಸೇರಿಕೊಂಡ.